ಗಿರಿಜಾಬಾಯಿಯ ಕಿವಿಯೂ ಮೈಂದರ್ಗಿಯ ಮಂದಿಯೂ

ಗಿರಿಜಾಬಾಯಿ ಎಂಥ ಹೆಂಗಸು ಎಂದು ಮಹಾರಾಷ್ಟ್ರದ ಗಡಿಯ ಅಕ್ಕಲಕೋಟೆಯಲ್ಲಿ ಯಾರನ್ನಾದರೂ ಕೇಳಿ. ಅವಳ ಹೊಟ್ಟೆಗೆ ಬಿದ್ದ ಮಾತು ಅಲ್ಲೇ ಕರಗಬೇಕು. ಕನ್ನಡ ಮಾತಿನ ವಳಸಂಗದಿಂದ ಸೊಸೆಯಾಗಿ ಬಂದವಳು ಟೆಲಿಫೋನ್ ಆಪರೇಟರ್ ಕುರ್ಚಿಯಲ್ಲಿ ಇಪ್ಪತ್ತೆರಡು ವರ್ಷ ಕೂತಿದ್ದಳು. ಯಾರ ಮಗಳಿಗೆ ಎಲ್ಲಿಯ ಗಂಡು ಗೊತ್ತಾಯಿತು, ಯಾವ ಅಣ್ಣತಮ್ಮಂದಿರು ಬೇರೆಯಾಗುತ್ತಿದ್ದಾರೆ, ಲೈನು ಜೋಡಿಸುವಾಗ ಎಲ್ಲ ಕಿವಿಗೆ ಬೀಳುತ್ತಿತ್ತು. ಅತ್ತೆ ರೇವಮ್ಮ ಎಷ್ಟು ಕೆದಕಿದರೂ, “ಲೈನ್ ಖರಖರ ಅಂತಿತ್ತರಿ ಅತ್ತಿ, ಏನೂ ಕೇಳ್ಸಲಿಲ್ಲ” ಎಂದುಬಿಡುತ್ತಿದ್ದಳು.

ಅಂಥವಳಿಗೆ ತೊಂಬತ್ತಾರನೇ ಇಸವಿಯಲ್ಲಿ ಚಾಡಿಕೋರಿ ಎಂಬ ಹೆಸರು ಬಂತು ನೋಡಿ!

ಊರಿಗೆ ಬರುವ ಮಾಲಿನ ಮೇಲಿನ ಜಕಾತಿ ಸುಂಕದ ವಿರುದ್ಧ ಮೋರ್ಚಾ ತೆಗೆಯಬೇಕೆಂದು ತೊಗರಿ ವ್ಯಾಪಾರಿ ಸಿದ್ದಣ್ಣ ಮೂರು ಸಲ ಫೋನಿನಲ್ಲಿ ಜಾಗ, ವೇಳೆ ಗೊತ್ತುಮಾಡಿದ. ಮೂರು ಸಲವೂ ಅವನಿಗಿಂತ ಮೊದಲೇ ಪೊಲೀಸ್ ಜೀಪು ಬಂದು ನಿಂತಿತ್ತು. ನಾಲ್ಕನೆಯ ಸಲ ಪಕ್ಕದ ಮೈಂದರ್ಗಿಯಲ್ಲಿ ಇನ್ನೂ ವಿಚಿತ್ರ: ಜೀಪಿನಿಂದ ಇಳಿದವರು ಪೊಲೀಸರಲ್ಲ, ತೊಗರಿಯ ರೇಟು ಕೇಳುವ ಸರ್ಕಾರಿ ಇನ್ಸ್‌ಪೆಕ್ಟರುಗಳು. ಸಿದ್ದಣ್ಣನ ತಲೆ ಕೆಟ್ಟಿತು. ಫೋನಿನ ಮಾತು ಆಪರೇಟರ್ ಗಿರಿಜಾಬಾಯಿಗಲ್ಲದೆ ಇನ್ಯಾರಿಗೆ ಗೊತ್ತು ಎಂದು ದೂರು ಬರೆದ.

ಅಯ್ಯೋ ಮಾರಾಯ, ಹಿಂದಿನ ವರ್ಷವೇ ಹೊಸ ಯಂತ್ರ ಬಂದು ಫೋನುಗಳು ತಾವೇ ಕೂಡುತ್ತಿದ್ದವು! ಗಿರಿಜಾಬಾಯಿಗೆ ಉಳಿದದ್ದು ಕೆಟ್ಟ ಲೈನುಗಳ ದೂರು ಬರೆದುಕೊಳ್ಳುವ ಕೆಲಸವಷ್ಟೇ. ಆದರೆ ಕೇಳುವವರು ಯಾರು? ವಿಚಾರಣೆಯ ನೋಟೀಸು ಬಂದೇ ಬಂತು. ನೌಕರಿ ಹೋದರೆ ಹೋಗಲಿ, ಈ ಹೆಸರು ಹೊತ್ತು ಬಾಜಾರದಲ್ಲಿ ಹೇಗೆ ನಡೆಯುವುದು? ಒಂದು ದಿನವಿಡೀ ಅತ್ತಳು. ಮರುದಿನ ಸಿಟ್ಟು ಬಂತು.

ಸಿಟ್ಟಿನಲ್ಲೇ ಯಂತ್ರವನ್ನು ನೋಡುತ್ತ ಕೂತಳು. ಸೊಲ್ಲಾಪುರದ ದೊಡ್ಡ ಕಚೇರಿಯಿಂದಲೇ ಲೈನು ಪರೀಕ್ಷೆ ಮಾಡಲೆಂದು ಅದರಲ್ಲಿ ಒಂದು ನಂಬರ್ ಇತ್ತು. ಯಾರೂ ದೂರು ಕೊಡದ ದಿನವೂ ಅದರ ಕೆಂಪು ದೀಪ ಹತ್ತುತ್ತಿತ್ತು. ಧೂಳು ಹಿಡಿದಿದ್ದ ಯಂತ್ರದ ಪುಸ್ತಕ ಇಳಿಸಿ, ಮೆಟ್ರಿಕ್ ಇಂಗ್ಲಿಷಿನಲ್ಲಿ ಅಕ್ಷರ ಕೂಡಿಸಿ ಓದಿದಳು. ಆ ನಂಬರಿಗೆ ಫೋನು ಹಚ್ಚಿ ಗುಟ್ಟಿನ ನಾಲ್ಕಂಕಿ ಒತ್ತಿದರೆ ಯಾವ ಲೈನಿನ ಮಾತಾದರೂ ಕೇಳುತ್ತದೆ; ಕಾರ್ಖಾನೆ ಇಟ್ಟ ಅಂಕಿ ಒಂದು, ಎರಡು, ಮೂರು, ನಾಲ್ಕು; ಯಂತ್ರ ಕೂಡಿಸಿದ ದಿನವೇ ಬದಲಿಸಬೇಕು. ಯಾರಾದರೂ ಬದಲಿಸಿದ್ದರೇ? ಒತ್ತಿ ನೋಡಿದಳು. ಹಳೆಯ ಅಂಕಿಗೇ ಲೈನು ತೆರೆದುಕೊಂಡಿತು; ಬಾಗಿಲು ಹಾರುಹೊಡೆದಿತ್ತು.

ಸೊಲ್ಲಾಪುರದಲ್ಲಿ ವಿಚಾರಣೆ ನಡೆಸಲು ಟೆಲಿಫೋನ್ ಇಲಾಖೆಯ ಎಂಜಿನಿಯರ್ ದಿಗಂಬರರಾವ್ ಕೂತಿದ್ದರು. ಒಂದು ಬದಿಗೆ ಸಿದ್ದಣ್ಣ, ಇನ್ನೊಂದು ಬದಿಗೆ ಸರ್ಕಾರದ ಗುಪ್ತ ಸುದ್ದಿ ಕೂಡಿಹಾಕುವ ಕಚೇರಿಯ, ಸಫಾರಿ ಸೂಟಿನ ಸಾಹೇಬ. ಸುದ್ದಿಯನ್ನೆಲ್ಲ ಈ ಗಿರಿಜಾಬಾಯಿಯೇ ನಮಗೆ ಕೊಟ್ಟಳೆಂದು ಹೇಳಿ, ಸಫಾರಿಯವನು ತನ್ನ ವರದಿಯನ್ನು ಮರಾಠಿಯಲ್ಲಿ ಓದಿದ: “ಸೋಮವಾರೀ ವ್ಯಾಪಾರೀ ಮೈಂದರ್ಗೀತ ಮಂದೀ ಆಣಣಾರ.”

ಗಿರಿಜಾಬಾಯಿ ಸೆರಗು ಬಾಯಿಗಿಟ್ಟು ನಗತೊಡಗಿದಳು. ಎಷ್ಟೆಂದು ತಡೆದಾಳು!

“ಸಿದ್ದಣ್ಣಾರ, ನೀವು ಫೋನ್‌ದಾಗ ಏನ್ ಅಂದಿದ್ರಿ?”

“ಸೋಮವಾರ ಮೈಂದರ್ಗಿಗೆ ಮಂದಿ ತರ್ತೀನಿ ಅಂದಿದ್ದೆ...” ಎಂದವನು ಸಫಾರಿಯವನ ಕಾಗದದ ಕಡೆ ತಿರುಗಿದ.

ಮರಾಠಿಯಲ್ಲಿ ಮಂದೀ ಎಂದರೆ ಬೆಲೆ ಬೀಳುವುದು, ಮಂದೀ ಆಣಣಾರ ಎಂದರೆ ಬೆಲೆ ಬೀಳಿಸುತ್ತಾರೆ ಎಂದು. ವ್ಯಾಪಾರಿಗಳು ತೊಗರಿ ರೇಟು ಬೀಳಿಸುತ್ತಾರೆಂದು ತಿಳಿದೇ ಅಂದು ಇನ್ಸ್‌ಪೆಕ್ಟರುಗಳು ಓಡಿಬಂದಿದ್ದು!

“ನಾ ವಳಸಂಗದ ಹೆಣ್ಣರಿ. ಚಾಡಿ ಹೇಳೂದಾಗಿದ್ರ ಮಂದಿ ಅಂದ್ರ ಜನ ಅಂತನ ಹೇಳ್ತಿದ್ದೆ. ಕನ್ನಡ ಬರಲಾರದ ಕಿವಿ ಕೇಳೈತಿ ಇದನ್ನ.”

ದಿಗಂಬರರಾಯರಿಗೆ ಅದನ್ನೇ ಮರಾಠಿಯಲ್ಲಿ ಬಿಡಿಸಿ ಹೇಳಿ, ಅವರ ಮೇಜಿನ ಫೋನನ್ನೇ ಎಳೆದುಕೊಂಡಳು. ಅಕ್ಕಲಕೋಟೆಯ ಯಂತ್ರದ ಪರೀಕ್ಷೆಯ ನಂಬರ್ ಹಚ್ಚಿ, ನಾಲ್ಕಂಕಿ ಒತ್ತಿ, ಸಿದ್ದಣ್ಣನ ಮನೆಯ ನಂಬರ್ ಒತ್ತಿದಳು. ತಾನು ಕೇಳದೆ ರಿಸೀವರನ್ನು ಸೀದಾ ಅವನ ಕಿವಿಗೆ ಹಿಡಿದಳು. ಸಿದ್ದಣ್ಣನ ಮುಖ ಕೆಂಪಾಯಿತು.

“ಯವ್ವಾ! ನಮ್ಮ ಮನಿಯಾಕಿ... ನನ್ನ ಗೊರಕಿ ಸುದ್ದಿ ಅವರವ್ವಗ ಹೇಳಾಕತ್ತಾಳ!”

ದಿಗಂಬರರಾವ್ ರಿಸೀವರ್ ಇಸಿದುಕೊಂಡು ಒಂದು ಕ್ಷಣ ಕೇಳಿ ಕೆಳಗಿಟ್ಟರು. ಬೇರೆಯವರ ಲೈನು ಕದ್ದು ಕೇಳಲು ಸರ್ಕಾರ ಬರೆದುಕೊಟ್ಟ ಹುಕುಂ ಎಲ್ಲಿದೆ ಎಂದು ಸಫಾರಿಯವನನ್ನು ಕೇಳಿದರು. ಎಲ್ಲಿಂದ ತಂದಾನು? ಕಾಗದ ಮಡಚಿಕೊಂಡು, ಚಹಾ ಬರುವ ಮೊದಲೇ ಎದ್ದು ಹೋದ. ದಿಗಂಬರರಾವ್ ಗಿರಿಜಾಬಾಯಿಯ ನೋಟೀಸನ್ನು ಎಲ್ಲರೆದುರೇ ಹರಿದು ಹಾಕಿದರು.

“ಬಾಯಾರ, ನಂದು ತಪ್ಪಾತ್ರಿ. ನಾಳಿ ಬಾಜಾರದಾಗ ನಿಂತು ನಾನ ಹೇಳ್ತೀನಿ” ಎಂದು ಸಿದ್ದಣ್ಣ ಕೈಮುಗಿದ. ಅವಳ ಕಣ್ಣು ತುಂಬಿತು. ಗೆದ್ದೆ ಎನ್ನಿಸಿತು, ಕೂಗಿ ಹೇಳಬೇಕೆನ್ನಿಸಿತು.

ಯಂತ್ರಕ್ಕೆ ಗುಟ್ಟಿನ ಹೊಸ ಅಂಕಿಯನ್ನು ನೀವೇ ಇಡಿ ಎಂದರು ದಿಗಂಬರರಾವ್. ಅವಳು ಫೋನಿನ ಗುಂಡಿಗಳ ಮೇಲೆ ಸೆರಗು ಹೊದಿಸಿ ಒತ್ತಿದಳು. ಯಾವುದಿಟ್ಟಿರಿ, ದಫ್ತರದಲ್ಲಿ ಬರೆದುಕೊಳ್ಳುತ್ತೇನೆ ಎಂದು ಅವರು ಪೆನ್ನು ತೆಗೆದರು.

“ಲಕೋಟಿಯಾಗ ಹಾಕಿ, ಅರಗಿನ ಮೊಹರು ಹಚ್ಚಿ ಕೊಡ್ತೀನ್ರಿ ಸಾಹೇಬ್ರ,” ಎಂದಳು ಗಿರಿಜಾಬಾಯಿ. “ಬಾಯಿಲೆ ಮಾತ್ರ ಹೇಳಂಗಿಲ್ಲ.”