ಬಣ್ಣದಕ್ಕನ ಎರಡು ಕಚ್ಚು

ಬೆಳಕು ಹರಿಯುವ ಹೊತ್ತಿಗೆ ಬಣ್ಣದಕ್ಕ ಕುಲುಮೆಯ ಪಕ್ಕದ ಕೋಣೆಯಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ರಾತ್ರಿ ಪಾಳಿಯವರು ಎರಕ ಹೊಯ್ದು ಹೋದ ಲೋಹದ ಪಟ್ಟಿಗಳು ಸಾಲಾಗಿ ಆರುತ್ತಿವೆ. ಒಂದೊಂದನ್ನೂ ಮುಂಗೈಯಿಂದ ಸೋಕಿ ನೋಡುತ್ತಾರೆ. ಬಿಸಿ ಉಳಿದಿದ್ದರೆ ಬಣ್ಣ ಗುಳ್ಳೆ ಎದ್ದು ಉದುರುತ್ತದೆ. ಆರಿದ್ದಕ್ಕೆ ಮಾತ್ರ ಕುಂಚ: ಎಡಸಾಲಿನ ಪಟ್ಟಿಗಳ ತುದಿಗೆ ಕೆಂಪು, ಬಲಸಾಲಿನವಕ್ಕೆ ಹಸಿರು. ಲಾರಿ ಬರುವಷ್ಟರಲ್ಲಿ ಆರುನೂರು ಪಟ್ಟಿ ಮುಗಿಯಬೇಕು.

ಇದು ಮಾಸ್ಟರ್ ಅಲಾಯ್ ತಯಾರಿಸುವ ಚಿಕ್ಕ ಕಾರ್ಖಾನೆ. ಅಲ್ಯೂಮಿನಿಯಮ್‌ನಲ್ಲಿ ಎಂಜಿನ್ ಭಾಗಗಳನ್ನು ಎರಕ ಹೊಯ್ಯುವವರಿಗೆ ಚೂರೇ ಚೂರು ಸ್ಟ್ರಾನ್ಷಿಯಮ್ಮೋ ರಂಜಕವೋ ಬೇಕಾಗುತ್ತದೆ. ಕರಗಿದ ಲೋಹಕ್ಕೆ ಅವನ್ನು ನೇರವಾಗಿ ಹಾಕಿದರೆ ಬಹುಪಾಲು ಉರಿದು ಹೋಗುತ್ತದೆ. ಅದಕ್ಕೇ ಇಲ್ಲಿ ಮೊದಲೇ ಹೆಚ್ಚಿನ ಪ್ರಮಾಣದಲ್ಲಿ ಬೆರೆಸಿ ಪಟ್ಟಿ ಮಾಡಿಡುತ್ತಾರೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ನೂರು ಕಿಲೋ ಲೋಹಕ್ಕೆ ಸ್ಟ್ರಾನ್ಷಿಯಮ್ ಪಟ್ಟಿ ಇನ್ನೂರು ಗ್ರಾಂ ಸಾಕು. ಒಳಗಿನ ಒರಟು ಹರಳು ನಯವಾಗುತ್ತದೆ. ವ್ಯಾಪಾರಿಗಳು ತೂಕದ ಜೊತೆಗೆ, ಪಟ್ಟಿಯೊಳಗೆ ಬೇಕಾದ ಧಾತು ನೂರಕ್ಕೆ ಎಷ್ಟಿದೆ ಎಂದು ನೋಡಿ ಬೆಲೆ ಕಟ್ಟುತ್ತಾರೆ.

ತೊಡಕೆಂದರೆ, ಸ್ಟ್ರಾನ್ಷಿಯಮ್‌ಗೂ ರಂಜಕಕ್ಕೂ ಎಣ್ಣೆ ಸೀಗೆಕಾಯಿ. ಒಂದು ಮಾಡಿದ್ದನ್ನು ಇನ್ನೊಂದು ಕೆಡಿಸುತ್ತದೆ. ಪಟ್ಟಿಗಳೋ ನೋಡಲು ಅವಳಿ ಜವಳಿ. ಬಣ್ಣದ ತುದಿಯೊಂದೇ ಗುರುತು: ಕೆಂಪು ಸ್ಟ್ರಾನ್ಷಿಯಮ್, ಹಸಿರು ರಂಜಕ.

ಬಣ್ಣದಕ್ಕನ ತಂದೆ ಅಂಗಡಿಗಳ ಬೋರ್ಡ್ ಬರೆಯುತ್ತಿದ್ದವರು. ಗಂಡ ಇದೇ ಕಾರ್ಖಾನೆಯ ಕುಲುಮೆಯಲ್ಲಿದ್ದರು. ಲೋಹ ಸಿಡಿದು ಪಾದ ಸುಟ್ಟ ಮೇಲೆ ನಿಂತು ಮಾಡುವ ಕೆಲಸ ಅವರಿಂದ ಆಗಲಿಲ್ಲ. ಅಕ್ಕ ಕಸ ಗುಡಿಸಲು ಸೇರಿದರು. ಆಗ ಪಟ್ಟಿಗೆ ಬಣ್ಣ ಬಳಿಯುತ್ತಿದ್ದುದು ಆ ಹೊತ್ತಿಗೆ ಕೈ ಬಿಡುವಿದ್ದವರು. "ಅವ್ರು ಬಳಿಯೋದು ನೋಡಿದ್ರೆ ನಮ್ಮಪ್ಪ ಕುಂಚದಲ್ಲೇ ಬಾರಿಸ್ತಿದ್ರು. ತಡ್ಕೊಳ್ಳೋಕಾಗ್ದೆ ನಾನೇ ಕಿತ್ಕೊಂಡೆ," ಎನ್ನುತ್ತಾರೆ. ಮನೆಯಲ್ಲಿ ಮಗಳ ಗೇಲಿ ಬೇರೆ: ಅಮ್ಮನ ಉಗುರು ನೋಡಿದರೆ ಸಾಕಂತೆ, ಇವತ್ತು ಯಾವ ಸರಕು ಹೋಯಿತೆಂದು ಗೊತ್ತಾಗುತ್ತದಂತೆ.

ಎರಡು ವರ್ಷದ ಹಿಂದೆ ಈ ಕುಂಚಕ್ಕೇ ಕುತ್ತು ಬಂತು. ಗಿರಾಕಿ ಫೌಂಡ್ರಿಯೊಂದರಲ್ಲಿ ಎರಕಗಳು ತೂತು ಕೊರೆಯುವಾಗಲೇ ಬಿರುಕು ಬಿಟ್ಟವು. ಬಣ್ಣ ಅದಲುಬದಲಾಗಿದೆ ಎಂದು ದೂರು ಬಂತು. ಉಳಿದ ಪಟ್ಟಿಗಳನ್ನು ತರಿಸಿ ಪರೀಕ್ಷೆ ಮಾಡಿದರೆ ಬಣ್ಣವೂ ಸರಿ, ಲೋಹವೂ ಸರಿ. ಆದರೂ ಮಾಲೀಕರಿಗೆ ಅನುಮಾನ ಹೋಗಲಿಲ್ಲ. ಇನ್ನೊಮ್ಮೆ ಹೀಗಾದರೆ ಕೆಲಸ ಬಿಡಬೇಕಾದೀತು ಎಂದರು. ಮನೆ ನಡೆಯುತ್ತಿದ್ದುದೇ ಆ ಸಂಬಳದಲ್ಲಿ. ಅಕ್ಕ ಮರುದಿನ ಲಾರಿ ಹತ್ತಿ ಆ ಫೌಂಡ್ರಿಗೇ ಹೋದರು.

ಅಲ್ಲಿನ ಕುಲುಮೆಯವನು ಪಟ್ಟಿ ಎತ್ತಿಕೊಳ್ಳುವುದನ್ನೇ ನೋಡುತ್ತ ನಿಂತರು. ಅವನು ತುದಿ ನೋಡುತ್ತಿರಲಿಲ್ಲ, ರಾಶಿ ಇದ್ದ ಮೂಲೆ ನೋಡುತ್ತಿದ್ದ. ದೂರು ಬರುವ ಹಿಂದಿನ ವಾರ ಬಂದಿದ್ದ ಹೊಸ ಡ್ರೈವರ್ ರಾಶಿಗಳನ್ನು ಮೂಲೆ ಬದಲಿಸಿ ಇಳಿಸಿದ್ದ. ಅಕ್ಕ ಒಂದು ಪಟ್ಟಿ ಹಿಡಿದು, ಇದು ಯಾವ ಬಣ್ಣ ತಮ್ಮಾ ಎಂದು ಕೇಳಿದರು. ಅವನು ತಲೆ ತಗ್ಗಿಸಿದ.

"ಕೆಂಪು, ಹಸಿರು ಎರಡೂ ನಂಗೆ ಒಂದೇ ಥರ ಕಾಣ್ಸುತ್ತೆ ಅಕ್ಕಾ. ಹುಟ್ಟಿದಾಗಿಂದ ಹಾಗೇ. ಗೊತ್ತಾದ್ರೆ ಕೆಲಸದಿಂದ ತೆಗೀತಾರೆ."

ಅಕ್ಕ ವಾಪಸು ಬಂದು ಮಾಲೀಕರ ಮುಂದೆ ನಿಂತರು. "ತಪ್ಪು ನಂದಲ್ಲ. ಯಾರದು ಅಂತ ಮಾತ್ರ ಕೇಳ್ಬೇಡಿ. ರಂಜಕದ ಅಚ್ಚಿನೊಳಗೆ ಎರಡು ಗೆರೆ ವೆಲ್ಡಿಂಗ್ ಮಾಡ್ಸಿ, ಪಟ್ಟಿ ಮೇಲೆ ಎರಡು ಕಚ್ಚು ಬೀಳುತ್ತೆ. ಕತ್ತಲೆಯಲ್ಲೂ ಕೈಗೆ ಸಿಗುತ್ತೆ." ಹೇಳದಿದ್ದರೆ ತಪ್ಪು ನಿನ್ನದೇ ಎಂದಾಯಿತು ಎಂದು ಮಾಲೀಕರು ಗೊಣಗಿದರು. ಆದರೂ ವೆಲ್ಡಿಂಗ್ ಮಾಡಿಸಿದರು. ಕಚ್ಚು ಬಂದ ಮೇಲೆ ಬಣ್ಣವೇಕೆ ಎಂಬ ಪ್ರಶ್ನೆಯೂ ಎದ್ದಿತು. ಅಕ್ಕ ಅದಕ್ಕೂ ತಯಾರಿದ್ದರು: ಪೇರಿಸಿಟ್ಟ ಮೇಲೆ ಕಾಣುವುದು ತುದಿ ಒಂದೇ, ಕಚ್ಚು ಹುಡುಕುತ್ತ ಕೂತರೆ ಲಾರಿ ತುಂಬುವುದು ಯಾವಾಗ?

ಆಮೇಲೆ ಆ ಫೌಂಡ್ರಿಯಿಂದ ಅಂಥ ದೂರು ಬಂದಿಲ್ಲ. ಆರು ತಿಂಗಳ ಬಳಿಕ ಕುಲುಮೆಯವನೇ ತನ್ನ ಮೇಲ್ವಿಚಾರಕರನ್ನು ಕರೆದು, ಕಣ್ಣು ಮುಚ್ಚಿ ಪಟ್ಟಿ ಬೇರೆ ಮಾಡಿ ತೋರಿಸಿ, ಎಲ್ಲ ಹೇಳಿಕೊಂಡ. ಕೆಲಸ ಉಳಿಯಿತು. ವಿಷಯ ತಿಳಿದ ದಿನ ಮಾಲೀಕರು ಈ ಕೋಣೆಗೇ ಬಂದರಂತೆ, ಹೊಸದೊಂದು ಕುಂಚ ಇಟ್ಟು ಹೋದರಂತೆ. ಫೋನಿನಲ್ಲಿ ಸಿಕ್ಕ ಕುಲುಮೆಯವನು ಇದನ್ನೆಲ್ಲ ಬರೆಯಲು ಒಪ್ಪಿದ: "ಬರೀರಿ. ನನ್ನಂಥೋರು ಇನ್ನೂ ಇರ್ತಾರೆ."

ಹೊರಗೆ ಲಾರಿಯ ಹಾರನ್. ಅಕ್ಕ ಏಳುವುದಿಲ್ಲ, ಇನ್ನೂ ಹತ್ತು ಪಟ್ಟಿ ಬಾಕಿ. ಏನಾದರೂ ಆಸೆ ಇದೆಯೇ ಎಂದರೆ ಕುಂಚ ನಿಲ್ಲಿಸದೆಯೇ ಹೇಳುತ್ತಾರೆ:

"ಬಣ್ಣ ಒಬ್ಬೊಬ್ರು ಒಂದೊಂದು ಬಳ್ಕೊಳ್ಲಿ. ರಂಜಕಕ್ಕೆ ಮಾತ್ರ ಎಲ್ಲಾ ಕಾರ್ಖಾನೆಯೋರೂ ಎರಡೇ ಕಚ್ಚು ಹಾಕ್ಲಿ. ನಾಳೆ ಆ ತಮ್ಮ ಬೇರೆ ಕಡೆ ಕೆಲಸಕ್ಕೆ ಹೋದ್ರೂ ಅವನ ಕೈ ತಪ್ಪಬಾರ್ದು ನೋಡಿ."