ಮುಖಪುಟಕ್ಕೆ ಬಂದ ಒಳಹೊಲಿಗೆ

ವೆಬ್‌ಸೈಟು ಚೆಂದವೂ ಇರಬೇಕು, ಕೆಲಸಕ್ಕೂ ಬರಬೇಕು ಎನ್ನುವವರನ್ನು ನಾನು ನಂಬುತ್ತಿರಲಿಲ್ಲ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ತಂಡದಲ್ಲಿದ್ದವನು ನಾನು. ಯಾರಾದರೂ ಎರಡೂ ಬೇಕು ಎಂದರೆ, ಯಾವುದು ಮುಖ್ಯವೆಂದು ಅವರಿಗೇ ಗೊತ್ತಿಲ್ಲ ಎಂದು ತೀರ್ಮಾನಿಸುತ್ತಿದ್ದೆ. ಹೀಗಾಗಿ ವೈನಿಯ ವೆಬ್‌ಸೈಟು ಶುರುವಾದದ್ದೇ ಜಗಳದಿಂದ.

ವೈನಿ ಎಂದರೆ ನಮ್ಮ ಹುಬ್ಬಳ್ಳಿ ಕಡೆ ಅಣ್ಣನ ಹೆಂಡತಿ. ಕೆನಡಾದ ಎಟೋಬಿಕೋದಲ್ಲಿರುವ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಅವರು ಪರಿಚಯದವರಿಗೆ ಬ್ಲೌಸು ಹೊಲಿಯುತ್ತಿದ್ದರು. ಸಂಬಳದ ಕೆಲಸ ವುಡ್‌ಬ್ರಿಡ್ಜಿನ ಪ್ಯಾಕಿಂಗ್ ಕಾರ್ಖಾನೆಯಲ್ಲಿ. ಅಲ್ಲಿ ಕೆಲಸ ಕಡಿಮೆಯಾಗಿ ಬೇಸಿಗೆಯಲ್ಲಿ ಅವರನ್ನು ಮನೆಗೆ ಕಳಿಸಿದ್ದರು. ದಸರೆ ಕಳೆದ ಮೇಲೆ ಮತ್ತೆ ಕರೆಯುತ್ತೇವೆ ಎಂದಿದ್ದರು, ಆದರೆ ಮಧ್ಯಾಹ್ನದ ಶಿಫ್ಟಿಗೆ. ಮಗಳು ಶಾಲೆಯಿಂದ ಬರುವಾಗ ಇವರು ಕೆಲಸದಲ್ಲಿ, ಇವರು ಬರುವಾಗ ಮಗಳು ನಿದ್ದೆಯಲ್ಲಿ. ಪರಿಚಯದವರ ಆಚೆಯಿಂದಲೂ ಹೊಲಿಗೆ ಬಂದರೆ ಕಾರ್ಖಾನೆಗೆ ಹೋಗಬೇಕಿಲ್ಲ, ಬರದಿದ್ದರೆ ಹೋಗಲೇಬೇಕು. ವೆಬ್‌ಸೈಟು ಬೇಕಾದದ್ದು ಅದಕ್ಕೆ, ಮಾಡಿಕೊಡುವವನು ನಾನು.

“ಮೊದಲ್ನೇ ಪೇಜಿನ್ಯಾಗ ನವಿಲು ಇರ್ಲಿ,” ಎಂದರು ವೈನಿ. “ಮ್ಯಾಲೆ ತೋರಣ. ಹಿಂದ ಸಣ್ಣಗ ಕೊಳಲು.”

“ಆಫೀಸಿನ್ಯಾಗ ಕದ್ದು ನೋಡೋರು ಕೊಳಲು ಊದಿದ ಕೂಡ್ಲೇ ಮುಚ್ಚಿಬಿಡ್ತಾರ, ವೈನಿ.”

“ಚೆಂದಂದು ಏನರ ಕಂಡ್ರ ನಿನಗ ಮೈ ಉರೀತದ ನೋಡು.”

ಕೊಳಲು ಹೋಯಿತು, ನವಿಲು ಉಳಿಯಿತು. ನನ್ನ ಹೆಮ್ಮೆ ಅಳತೆಯ ಪುಟ. ಎದೆ, ಸೊಂಟ, ಭುಜ, ತೋಳಿನ ಸುತ್ತು, ಬೆನ್ನಿನ ಆಳ, ಒಂದೊಂದಕ್ಕೂ ಒಂದು ಖಾನೆ, ಪಕ್ಕದಲ್ಲಿ ಚಿತ್ರ. ಎಲ್ಲವನ್ನೂ ತುಂಬದೆ ಯಾರೂ ಮುಂದೆ ಹೋಗುವಂತಿಲ್ಲ. ವೈನಿಗೂ ಇದು ಹಿಡಿಸಿತು. “ಕಂಕುಳದ ಸುತ್ತೂ ಹಾಕು, ಪಕ್ಕಾ ಇರ್ಲಿ,” ಎಂದರು. ನಾವಿಬ್ಬರೂ ಜಗಳವಿಲ್ಲದೆ ಒಪ್ಪಿದ ಪುಟ ಅದೊಂದೇ. ಸೈಟಿಗೆ ಬಂದವರೆಲ್ಲ ವಾಪಸು ಹೋಗುತ್ತಿದ್ದದ್ದೂ ಅದೇ ಪುಟದಿಂದ, ಅದು ನಮಗೆ ಗೊತ್ತಾದದ್ದು ಆಮೇಲೆ. ಆರ್ಡರು ಒಂದೂ ಇಲ್ಲ.

ನವಿಲಿನ ತಪ್ಪು ಎಂದು ನಾನು, ಕೊಳಲು ತೆಗೆದ ತಪ್ಪು ಎಂದು ಅವರು. ಇಬ್ಬರ ಬಳಿಯೂ ಪುರಾವೆ ಇರಲಿಲ್ಲ. ಕೊನೆಗೆ ಮೂಲೆ ಮನೆಯ ಆಂಟಿಯ ಬಳಿ ಹೋದೆವು. ಉಡುಪಿ ಕಡೆಯವರು, ವೈನಿಯ ಹತ್ತಿರ ಎಂದೂ ಹೊಲಿಸದವರು. ಅವರು ತಮ್ಮ ಫೋನಿನಲ್ಲಿ ಆರ್ಡರು ಮಾಡಿ ನೋಡಬೇಕು, ನಾವು ಬಾಯಿ ಬಿಡಬಾರದು ಎಂಬ ಷರತ್ತು ನನ್ನದೇ. ಅದನ್ನು ಪಾಲಿಸಲು ನಾನೇ ತುಟಿ ಕಚ್ಚಿಕೊಳ್ಳಬೇಕಾಯಿತು.

ಆಂಟಿ ನವಿಲನ್ನು ನೋಡದೆಯೇ ಮುಂದೆ ಹೋದರು. ಒಂದು ತೋಳಿನ ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ಆಮೇಲೆ ಅಳತೆಯ ಪುಟ ಬಂತು.

“ಇದೆಂತ ಮಾರಾಯ, ಪಾಸ್‌ಪೋರ್ಟ್ ಅರ್ಜಿಯ ಹಾಗೆ ಉಂಟು. ನನ್ನ ಬೆನ್ನು ನಾನೇ ಅಳೆಯುವುದು ಹೇಗೆ?”

ಆಂಟಿ ಎದ್ದು ಒಳಗೆ ಹೋಗಿ ಒಂದು ಹಳೆಯ ಬ್ಲೌಸು ತಂದರು. “ಅಳತೆಗೆ ಇದನ್ನು ಕೊಡುವುದು ಎಲ್ಲಿ? ಆ ಬಟನ್ನೇ ಇಲ್ಲವಲ್ಲ.”

ವೈನಿ ನನ್ನ ಮುಖ ನೋಡಿದರು, ನಾನು ಅವರ ಮುಖ. ಬೇಸ್‌ಮೆಂಟಿಗೆ ಬರುವವರೆಲ್ಲ ಸರಿಯಾಗಿ ಕೂರುವ ಹಳೆಯ ಬ್ಲೌಸೊಂದನ್ನು ಅಳತೆಗೆಂದು ತರುತ್ತಾರೆ. ವೆಬ್‌ಸೈಟಿನಲ್ಲಿ ಮಾತ್ರ ಇಂಚಿನ ಲೆಕ್ಕವೇ ಬೇಕೆಂದು ಯಾರು ಹೇಳಿದ್ದರೋ.

ಆದರೂ ನಾನು ಹಾಗೇ ಒಪ್ಪಲಿಲ್ಲ. “ಛಲೋ ಕೂಡೋ ಬ್ಲೌಸ್ ಇರೋದ ಒಂದೋ ಎರಡೋ. ಗುರ್ತಿಲ್ಲದೋರಿಗೆ ಅದನ್ನ ಯಾರು ಪೋಸ್ಟ್ ಮಾಡ್ತಾರ ಆಂಟಿ?”

“ಒಳಗಿನ ಹೊಲಿಗೆ ನೋಡದೆ ನಾನಂತೂ ಕಳಿಸುವುದಿಲ್ಲ. ಇದರಲ್ಲಿ ಎಲ್ಲ ಹೊರಗಿನ ಫೋಟೋವೇ. ಒಳಗೆ ಬಟ್ಟೆ ಬಿಟ್ಟಿದ್ದಾರಾ? ನಾಳೆ ದಪ್ಪ ಆದರೆ ಬಿಚ್ಚಲಿಕ್ಕೆ ಬೇಡವಾ?”

“ನೀವೇನ್ ದಪ್ಪ ಆಗಂಗಿಲ್ಲ ಬಿಡ್ರಿ,” ಎಂದರು ವೈನಿ.

“ಹೊಗಳಿದ್ದು ಸಾಕು, ಚಹಾ ಕುಡಿಯಿರಿ.”

ಮನೆಗೆ ಬಂದು ಒಂದು ಹಳದಿ ರೇಷ್ಮೆ ಬ್ಲೌಸನ್ನು ಒಳಮೈ ಹೊರಗೆ ಮಾಡಿ ಫೋಟೋ ತೆಗೆಯಲೆಂದು ಕಿಟಕಿಯ ಬೆಳಕಿನಲ್ಲಿ ಹರಡಿದೆ. ವೈನಿ ಅಡ್ಡ ನಿಂತರು.

“ಮಂದಿಗೆ ಉಲ್ಟಾ ಮಾಡಿ ತೋರ್ಸೋದೇನ? ನಾಚಿಕಿ ಬರ್ತದ.”

“ಬಂದೋರೆಲ್ಲ ಅದನ್ನ ತಿರುವಿ ನೋಡಂಗಿಲ್ಲೇನು?”

“ಅದು ಮನಿಯೊಳಗ. ಇದು ಊರ ಮುಂದ.”

“ಒಂದು ವಾರ ಇರ್ಲಿ. ಆಮ್ಯಾಲೆ ಬೇಕಂದ್ರ ಕೊಳಲೂ ಹಾಕ್ತೀನಿ.”

ಕೊಳಲಿನ ಆಸೆಗೋ ಏನೋ, ಒಪ್ಪಿದರು. ಬಿಳಿಯ ಒಳಬಟ್ಟೆ, ಒಂದೇ ಸಮನಾದ ಹೊಲಿಗೆ, ಬದಿಯಲ್ಲಿ ಬೆರಳಗಲ ಬಿಟ್ಟ ಹಳದಿ ರೇಷ್ಮೆ. ಫೋಟೋ ಪರದೆಯ ಮೇಲೆ ಬಂದಾಗ ವೈನಿ ಬಹಳ ಹೊತ್ತು ನೋಡಿದರು. ಅದರ ಪಕ್ಕದಲ್ಲಿ ನವಿಲು ಅಂಗಡಿಯ ಕ್ಯಾಲೆಂಡರಿನಂತೆ ಕಂಡಿತು. ಅದನ್ನು ತೆಗೆ ಎಂದವರು ಅವರೇ. ಖಾನೆಗಳೆಲ್ಲ ಹೋಗಿ ಒಂದೇ ಬಟನ್ನು ಬಂತು: ಅಳತೆಯ ಬ್ಲೌಸು ಕಳಿಸಿ, ಹೊಸದರ ಜೊತೆ ಇಸ್ತ್ರಿ ಮಾಡಿ ಮರಳಿಸುತ್ತೇವೆ.

ಮೊದಲು ಒಶಾವಾದ ಒಬ್ಬ ಹೆಂಗಸು ಫೋನು ಮಾಡಿ ವೈನಿಯನ್ನು ವಕೀಲರ ಹಾಗೆ ಪ್ರಶ್ನಿಸಿದರು. ಆಮೇಲೆ ಅವರ ಪೊಟ್ಟಣ ಬಂತು, ಅವರ ನಾದಿನಿಯದೂ ಬಂತು, ನಮಗೆ ಯಾರೆಂದೇ ಗೊತ್ತಿಲ್ಲದವರದೂ ಬರತೊಡಗಿತು. ದಸರೆ ಕಳೆದು ಕಾರ್ಖಾನೆಯ ಸೂಪರ್‌ವೈಸರ್ ಫೋನು ಮಾಡಿದಾಗ ವೈನಿ ಮಷೀನಿನ ಮುಂದೆಯೇ ಇದ್ದರು.

“ಥ್ಯಾಂಕ್ಯೂ ಸರ್, ಬಟ್ ಐ ಹ್ಯಾವ್ ವರ್ಕ್ ನೌ.”

ಫೋನು ಇಟ್ಟರು. ನನಗೆ ಕೇಳದೆ ಇರಲಾಗಲಿಲ್ಲ. “ದೀಪಾವಳಿ ಮುಗಿದ ಮ್ಯಾಲೆ ಆರ್ಡರ್ ಬರ್ಲಿಲ್ಲಂದ್ರ?”

“ಡಿಸೆಂಬರಿನ್ಯಾಗ ಎಲ್ಲಾರೂ ಮದುವಿಗೆ ಅಂತ ಊರಿಗೆ ಹೋಗ್ತಾರ. ಬ್ಲೌಸ್ ಇಲ್ದ ಹೋಗ್ತಾರೇನು? ವಾದಾ ಮಾಡೋದು ಬಿಟ್ಟು ಅದನ್ನ ಮೊದಲ್ನೇ ಪೇಜಿನ್ಯಾಗ ಬರಿ.”

ಮೇಲೆ ಬಾಗಿಲು ತೆರೆದ ಸದ್ದಾಯಿತು. “ಮಮ್ಮಿ, ಐ ಆಮ್ ಹಂಗ್ರಿ,” ಎಂದಿತು ಶಾಲೆಯಿಂದ ಬಂದ ಧ್ವನಿ. “ಬಂದೆ, ಕೈಕಾಲು ತೊಳ್ಕೊ,” ಎನ್ನುತ್ತ ವೈನಿ ಮೆಟ್ಟಿಲು ಹತ್ತಿದರು. ನಾನು ಡಿಸೆಂಬರಿನ ಸಾಲು ಬರೆಯತೊಡಗಿದೆ.