ಪೂಜೆಗೆ ಕೂತ ಮದರ್‌ಬೋರ್ಡ್

ಬ್ಯಾಂಕಿನಲ್ಲಿ ಇಪ್ಪತ್ತೆರಡು ವರ್ಷ ಕಂಪ್ಯೂಟರಿನ ಮುಂದೆಯೇ ಕೂತಿದ್ದೇನೆ. ಅದರ ಹೊಟ್ಟೆಯೊಳಗೆ ಏನಿದೆ ಎಂದು ಒಂದು ದಿನವೂ ಕೇಳಿದವಳಲ್ಲ. ಕೆಟ್ಟರೆ ಫೋನು ಮಾಡುವುದು, ಯಾರಾದರೂ ಬಂದು ಸರಿಮಾಡುವುದು, ಅಷ್ಟರಲ್ಲಿ ನಾನು ಚಹಾ ಕುಡಿದು ಬರುವುದು, ಇಷ್ಟೇ ನಮ್ಮ ಸಂಬಂಧ. ಅಂಥವಳ ಮಗಳು ಹದಿನೆಂಟನೆಯ ವಯಸ್ಸಿನಲ್ಲಿ, ಅಂಗಡಿಯವರು ಕೂಡಿಸಿಕೊಡುವ ಕಂಪ್ಯೂಟರ್ ಬೇಡ, ಬಿಡಿಭಾಗಗಳನ್ನು ತಂದು ನನ್ನ ಕೈಯಾರೆ ಜೋಡಿಸುತ್ತೇನೆ ಎಂದು ಹಟ ಹಿಡಿದಳು.

ಅವಳು ಸೂರತ್ತಿನಲ್ಲೇ ಬಟ್ಟೆಯ ಡಿಸೈನ್ ಓದುತ್ತಿದ್ದಳು. ರಜೆಯಲ್ಲಿ ಊರಿನ ಪಾಂಡೇಸರಾ ಬಡಾವಣೆಯ ಒಂದು ಬಟ್ಟೆ ಪ್ರಿಂಟಿಂಗ್ ಮಿಲ್ಲಿಗೆ ಕಲಿಯಲು ಹೋಗಿ, ಸೀರೆಯ ಅಂಚು, ಸೆರಗು, ಹೂವು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಬಿಡಿಸುವುದನ್ನು ನೋಡಿ ಬಂದಿದ್ದಳು. ಮನೆಯ ಹಳೆಯ ಲ್ಯಾಪ್‌ಟಾಪಿಗೆ ಒಂದು ಹೂವು ಬಿಡಿಸುವಷ್ಟರಲ್ಲಿ ಉಸಿರು ಹತ್ತುತ್ತಿತ್ತು. ಆದರೆ ಹಟಕ್ಕೆ ಅದೊಂದೇ ಕಾರಣವಲ್ಲ. ಚಿಕ್ಕಂದಿನಿಂದಲೂ ಅವಳ ಕೈಗೆ ಲೋಟ ಕೊಟ್ಟರೆ ಲೋಟ, ತಟ್ಟೆ ಕೊಟ್ಟರೆ ತಟ್ಟೆ ನೆಲ ಕಾಣುತ್ತಿತ್ತು. ನಾವೆಲ್ಲ ನಗುತ್ತಿದ್ದೆವು. ನನ್ನ ಗಂಡನಂತೂ ಅವಳು ಏನಾದರೂ ಎತ್ತಿಕೊಂಡರೆ ಸಾಕು, ಎರಡೂ ಕೈ ಚಾಚಿ ಕ್ಯಾಚ್ ಹಿಡಿಯುವವರಂತೆ ನಿಲ್ಲುತ್ತಿದ್ದರು. ಅವರೂ ನಾನೂ ಮುಗ್ಗರಿಸದೆ ಸಂಸಾರ ಮಾಡಿದವರೇನಲ್ಲ, ಆದರೂ ನಗಲು ಅವಳೊಬ್ಬಳು ಸಿಕ್ಕಿದ್ದಳು. ತನ್ನ ಕೈಯೂ ಕೆಲಸಕ್ಕೆ ಬರುವ ಕೈ ಎಂದು ಅವಳಿಗೆ ತೋರಿಸಬೇಕಿತ್ತು. ನಮಗಷ್ಟೇ ಅಲ್ಲ, ತನಗೂ. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ, ಆದರೆ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ ಕೆಲಸವನ್ನೇ ಈಗ ಬರೆಯುತ್ತಿರುವುದು.

ನವರಾತ್ರಿಯ ಸಮಯಕ್ಕೆ ಆನ್‌ಲೈನಿನಲ್ಲಿ ಕಂಪ್ಯೂಟರಿನ ಮೆದುಳಿನಂಥ ಪ್ರೊಸೆಸರ್ ತರಿಸಿದಳು. ಆಗಷ್ಟೇ ಬಂದ ಹೊಸ ಮಾದರಿ. ಬಿಸ್ಕತ್ತಿನಷ್ಟಿದ್ದ ಆ ಚೌಕಕ್ಕೆ ಹೊಂದುವ, ಎಲ್ಲ ಭಾಗಗಳೂ ಕೂರುವ ಹಲಗೆಯಂಥ ಮದರ್‌ಬೋರ್ಡ್ ಹುಡುಕುವುದರಲ್ಲಿ ಮೂರು ವಾರ ಹೋದವು. ಸೂರತ್ತಿನ ಕತಾರ್‌ಗಾಮಿನ ನಮ್ಮ ಮನೆಯಲ್ಲಿ ಸಂಜೆ ನಾನು ಮೆಂತ್ಯದ ಸೊಪ್ಪು ಸೋಸುತ್ತ ಕೂತರೆ ಅವಳು ಫೋನು ಹಿಡಿದು ಪಕ್ಕಕ್ಕೆ ಬರುತ್ತಿದ್ದಳು. ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಎನ್ನುತ್ತಾರಂತೆ, ಅದು ಹೊಂದದಿದ್ದರೆ ಮುಂದಿನ ಮಾತೇ ಇಲ್ಲವಂತೆ. ಸಾಕೆಟ್ ಹೊಂದಿದರೂ ಬೋರ್ಡ್ ಹಳೆಯದಾಗಿದ್ದರೆ ಅದರೊಳಗಿನ ಪ್ರೋಗ್ರಾಮಿಗೆ ಹೊಸ ಪ್ರೊಸೆಸರಿನ ಗುರುತೇ ಸಿಗುವುದಿಲ್ಲವಂತೆ. ಆಮೇಲೆ ಚಿಪ್‌ಸೆಟ್ ಎಂಬುದೊಂದು, ಅದಕ್ಕೆ ಒಂದು ಅಕ್ಷರ, ಮೂರು ಅಂಕಿ, ಹಿಂದೊಂದು ಬಾಲ. ವಡೋದರಾದ ರೈಲ್ವೆ ಆಫೀಸಿನಿಂದ ಶನಿವಾರ ಬರುತ್ತಿದ್ದ ನನ್ನ ಗಂಡ, ಜಾತಕ ಕೂಡಿದೆಯೋ ಇಲ್ಲವೋ ಎಂದು ಬಾಗಿಲಲ್ಲೇ ಕೇಳುತ್ತಿದ್ದರು.

ಪ್ರತಿಯೊಂದು ಬೋರ್ಡಿನ ಚಿತ್ರ ತೋರಿಸಿಯೂ ಅವಳು ನನ್ನನ್ನು ಕೇಳುತ್ತಿದ್ದಳು, "ಮಮ್ಮಿ, ನಿನಗ ಯಾವುದು ಛಲೋ ಅನಸ್ತದ?" ನಾನು ಬಿಳಿಯ ಬಣ್ಣದ್ದೊಂದನ್ನು ತೋರಿಸಿ ಇದು ಎಂದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಿಜ ಹೇಳಬೇಕೆಂದರೆ ನನಗೆ ಅವಳು ಹೇಳಿದ್ದರಲ್ಲಿ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಅವಳು ಅಹಮದಾಬಾದಿನಲ್ಲಿ ಹುಟ್ಟಿ, ವಡೋದರಾದಲ್ಲಿ ಅಕ್ಷರ ಕಲಿತು, ಸೂರತ್ತಿನಲ್ಲಿ ಬೆಳೆದವಳು. ಗೆಳತಿಯರ ಜೊತೆ ಗುಜರಾತಿ, ಸಿಟ್ಟು ಬಂದರೆ ಹಿಂದಿ. ನನ್ನ ಜೊತೆ ಮಾತ್ರ ತಡವರಿಸುತ್ತ ನಮ್ಮ ಧಾರವಾಡದ ಕಡೆಯ ಕನ್ನಡ. ಆ ಮೂರು ವಾರ ಅವಳು ನನ್ನ ಜೊತೆ ಆಡಿದಷ್ಟು ಕನ್ನಡವನ್ನು ಹಿಂದಿನ ಮೂರು ವರ್ಷದಲ್ಲೂ ಆಡಿರಲಿಲ್ಲ. ಸೊಪ್ಪು ಮುಗಿದ ಮೇಲೂ ನಾನು ಖಾಲಿ ಬುಟ್ಟಿ ಮುಂದಿಟ್ಟುಕೊಂಡು ಕೂರುತ್ತಿದ್ದೆ.

ದೀಪಾವಳಿಗೆ ಮುಂಚಿನ ಧನತೇರಸದ ದಿನ ಹೊಸ ವಸ್ತು ಕೊಳ್ಳುವುದು ಇಲ್ಲಿಯವರ ರೂಢಿ, ಈಗ ನಮ್ಮದೂ ಆಗಿದೆ. ಅಂದೇ ಬೋರ್ಡ್ ತರಲು ಹೋದೆವು. ಅಂಗಡಿಯವರು ಮೊದಲು ವಜ್ರ ಉಜ್ಜುವ ಕೆಲಸದಲ್ಲಿದ್ದು ಆಮೇಲೆ ಈ ವ್ಯಾಪಾರಕ್ಕೆ ಬಂದವರು, ನಿಧಾನದ ಮನುಷ್ಯ. ನನ್ನನ್ನು ಬೆನ್, ಅಂದರೆ ಅಕ್ಕ, ಎಂದು ಕರೆದು ಕುರ್ಚಿ ಕೊಟ್ಟರು. ಮಗಳು ಕೇಳಿದ ಬೋರ್ಡನ್ನೇ ತೆಗೆದುಕೊಟ್ಟು, ಆಯ್ಕೆ ಸರಿಯಾಗಿದೆ ಎಂದು ಮೆಚ್ಚಿಕೊಂಡರು. ಅರ್ಧ ಗಂಟೆ ಕೂತರೆ ನಾವೇ ಫಿಟ್ ಮಾಡಿ ಕೊಡುತ್ತೇವೆ ಎಂದರು. ಅವಳಿಗಿಂತ ಮೊದಲು ನಾನೇ ಬಾಯಿ ಹಾಕಿ, ಬೇಡ, ನನ್ನ ಮಗಳೇ ಜೋಡಿಸುತ್ತಾಳೆ ಎಂದೆ. ಅವಳು ತಿರುಗಿ ನೋಡಿದ ನೋಟ ನನಗೆ ಈಗಲೂ ನೆನಪಿದೆ. ಅಷ್ಟು ಹೆಮ್ಮೆ ನನಗೆ ಬಡ್ತಿ ಬಂದಾಗಲೂ ಆಗಿರಲಿಲ್ಲ.

ಮನೆಗೆ ಬಂದವಳೇ ಡಬ್ಬಿ ಬಿಚ್ಚಲು ಕೂತಳು. ನಾನು ತಡೆದೆ. ಪೂಜೆಯಿಲ್ಲದೆ ಹೊಸ ವಸ್ತು ಮುಟ್ಟುವುದುಂಟೆ? ನಮ್ಮ ಮನೆಯಲ್ಲಿ ಮಿಕ್ಸಿಗೂ ಕುಂಕುಮ, ಸ್ಕೂಟರಿಗೂ ಕುಂಕುಮ. ಅಮಾವಾಸ್ಯೆಯ ಲಕ್ಷ್ಮೀಪೂಜೆಗೆ ಇಟ್ಟು, ಪಾಡ್ಯದ ದಿನ ಜೋಡಿಸಿದರಾಯಿತು ಎಂದೆ. ಅವಳು ಮುಖ ಸಪ್ಪಗೆ ಮಾಡಿದರೂ ಒಪ್ಪಿದಳು. ಒಂದೇ ಷರತ್ತು ಹಾಕಿದಳು: ಪೂಜೆ ಡಬ್ಬಿಗೆ ಮಾಡು, ಡಬ್ಬಿ ತೆಗೆಯಬೇಡ.

ಅಮಾವಾಸ್ಯೆಯ ಸಂಜೆ ಅವಳು ಕೆಳಗೆ ಗೆಳತಿಯರ ಜೊತೆ ರಂಗೋಲಿ ಹಾಕಲು ಹೋಗಿದ್ದಳು. ಗಂಡ ಸ್ನಾನಕ್ಕೆ ಹೋಗಿದ್ದರು. ದೇವರ ಮುಂದೆ ಎಲ್ಲ ಹೊಂದಿಸಿದ ಮೇಲೆ ನನಗೆ ಸಮಾಧಾನವಾಗಲಿಲ್ಲ. ರಟ್ಟಿನ ಡಬ್ಬಿಗೆ ಮಾಡಿದ ಪೂಜೆ ರಟ್ಟಿಗೇ ಹೋಗುತ್ತದೆ, ಒಳಗಿನ ವಸ್ತುವಿಗೆ ಏನು ಬಂತು ಎನ್ನಿಸಿತು. ಡಬ್ಬಿ ತೆಗೆದೆ. ಚೀಲದಿಂದ ಬೋರ್ಡನ್ನು ಹೊರಗೆ ತೆಗೆದು ತಟ್ಟೆಯಲ್ಲಿಟ್ಟೆ. ಅದರ ನಡುವೆ ಕರಿಯ ಪ್ಲಾಸ್ಟಿಕ್ಕಿನ ಮುಚ್ಚಳವೊಂದಿತ್ತು. ಹೊಸ ಕುಕ್ಕರಿನ ಜೊತೆ ಬರುವ ಹೊದಿಕೆಯ ಹಾಗೆ ಅದೂ ಕಿತ್ತು ಎಸೆಯುವುದೇ ಇರಬೇಕೆಂದು ಉಗುರು ಹಾಕಿ ಎಬ್ಬಿಸಿದೆ. ಅದರ ಕೆಳಗೆ ಕೂದಲಿಗಿಂತ ಸಣ್ಣ ಚಿನ್ನದ ಮುಳ್ಳುಗಳು, ಸಾವಿರಕ್ಕೂ ಹೆಚ್ಚಿದ್ದವೋ ಏನೋ, ಒಂದೇ ಕಡೆ ಬಾಗಿ ಹೊಳೆಯುತ್ತಿದ್ದವು. ಇಷ್ಟು ಚೆಂದದ್ದನ್ನು ಮುಚ್ಚಿಟ್ಟು ಪೂಜೆ ಮಾಡಲು ಹೊರಟಿದ್ದೆನಲ್ಲ ಎಂದುಕೊಂಡೆ. ಕೈಮುಗಿದು, ಮಗಳ ಕೆಲಸ ಕೈಗೂಡಲಿ ಎಂದು ಬೇಡಿಕೊಂಡು ಅಕ್ಷತೆ ಹಾಕಿದೆ.

ಎರಡು ಕಾಳು ಆ ಮುಳ್ಳುಗಳ ನಡುವೆ ಹೋಗಿ ಕೂತವು. ಬೆರಳು ಹಾಕಿದೆ, ಸಿಗಲಿಲ್ಲ. ಬತ್ತಿ ಹೊಸೆಯಲು ಇಟ್ಟಿದ್ದ ಹತ್ತಿ ತೆಗೆದು ಮೆಲ್ಲಗೆ ಒತ್ತಿದೆ. ಕಾಳುಗಳೇನೋ ಬಂದವು, ಹತ್ತಿಯ ಎಳೆ ಸಿಕ್ಕಿಹಾಕಿಕೊಂಡಿತು. ಅದನ್ನೂ ಮೆಲ್ಲಗೇ ಎಳೆದೆ. ನನ್ನ ಕಣ್ಣಿಗೆ ಎಲ್ಲ ಮೊದಲಿನ ಹಾಗೆಯೇ ಕಂಡಿತು. ಮುಚ್ಚಳ ಒತ್ತಿ ಕೂರಿಸಿ, ಬೋರ್ಡನ್ನು ಚೀಲಕ್ಕೆ ಸೇರಿಸಿ ಡಬ್ಬಿ ಮುಚ್ಚಿ, ಮೇಲೆ ಕುಂಕುಮ ಹಚ್ಚಿಟ್ಟೆ. ಮಗಳು ಮೇಲೆ ಬಂದು ಆರತಿ ತೆಗೆದುಕೊಂಡು ಡಬ್ಬಿಗೆ ನಮಸ್ಕಾರ ಮಾಡಿದಳು.

ಪಾಡ್ಯದ ಬೆಳಿಗ್ಗೆ ಊಟದ ಮೇಜಿನ ಮೇಲೆ ಕೆಲಸ ಶುರುವಾಯಿತು. ಮೈಯ ಕರೆಂಟು ಇಳಿಯಲಿ ಎಂದು ಅವಳು ಮೊದಲು ಸ್ಟೀಲಿನ ನಲ್ಲಿ ಮುಟ್ಟಿ ಬಂದಳು. ಉಸಿರು ಬಿಗಿಹಿಡಿದು ಪ್ರೊಸೆಸರನ್ನು ಇಟ್ಟಳು. ಆ ಕೈ ನಡುಗಲಿಲ್ಲ, ನಾನು ನೋಡಿದ್ದೇನೆ. ಎಲ್ಲ ತಂತಿ ಕೂಡಿಸಿ ಗುಂಡಿ ಒತ್ತಿದರೆ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಬಿಚ್ಚಿದಳು, ಮತ್ತೆ ಜೋಡಿಸಿದಳು. ಮಧ್ಯಾಹ್ನದ ಹೊತ್ತಿಗೆ ಫೋನಿನ ಬೆಳಕು ಬಿಟ್ಟು ಸಾಕೆಟ್ಟಿನೊಳಗೆ ನೋಡಿದಳು. ಬಹಳ ಹೊತ್ತು ನೋಡಿದಳು.

"ನಾಲ್ಕೈದು ಪಿನ್ ಬಾಗ್ಯಾವ," ಎಂದಳು. "ನಾ ಇಡೂ ಮುಂದ ಸರಿಯಾಗಿ ಇಟ್ಟಿಲ್ಲ ಕಾಣಸ್ತದ. ನನ್ನ ಕೈಯಿಂದ ಆಗ್ಯದ."

 ಹತ್ತಿಯ ಎಳೆ ಕಣ್ಣ ಮುಂದೆ ಬಂತು. ಹೇಳಬೇಕು ಎಂದು ಬಾಯಿ ತೆರೆಯುವುದರೊಳಗೆ ನನ್ನ ಗಂಡ, ಹೋಗಲಿ ಬಿಡು, ನಿನ್ನ ಕೈಯೇ ಹಾಗೆ ಎಂದು ಅವಳ ತಲೆ ನೇವರಿಸಿದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವಳು ಹೂಂ ಎಂದಳು. ಆ ಹೂಂ ಆದ ಮೇಲೆ ನನ್ನ ನಾಲಿಗೆ ಏಳಲೇ ಇಲ್ಲ.

ಇಲ್ಲಿ ದೀಪಾವಳಿಗೆ ಮುಚ್ಚಿದ ಅಂಗಡಿಗಳು ಲಾಭ ಪಂಚಮಿಯವರೆಗೆ ಬಾಗಿಲು ತೆರೆಯುವುದಿಲ್ಲ. ಅಷ್ಟೂ ದಿನ ಗುಜರಾತಿ ಹೊಸ ವರ್ಷದ ಶುಭಾಶಯ ಹೇಳಲು ಅಕ್ಕಪಕ್ಕದವರು ಬರುತ್ತಲೇ ಇದ್ದರು. ಮೇಜಿನ ಮೇಲೆ ಬಿಚ್ಚಿ ಬಿದ್ದದ್ದನ್ನು ನೋಡಿ ಕಂಪ್ಯೂಟರ್ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದರು. ನಾನೇ ಕೆಡಿಸಿದೆ ಎಂದು ಅವಳು ಗುಜರಾತಿಯಲ್ಲಿ ನಗುತ್ತಲೇ ಹೇಳುತ್ತಿದ್ದಳು. ನಾನು ಚಕ್ಕುಲಿಯ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದೆ. ಪ್ರತಿ ಸಲವೂ ಇವರು ಹೋಗಲಿ, ಹೇಳಿಬಿಡುತ್ತೇನೆ ಎಂದುಕೊಳ್ಳುವುದು, ಅವರು ಹೋದ ಮೇಲೆ ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿ ನಿಲ್ಲುವುದು. ಮೂರನೆಯ ದಿನ ಅವಳು ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ನೆಲ ನೋಡಿಕೊಂಡು ನಡೆಯುವುದನ್ನು ಕಂಡೆ. ಅಂದೂ ನಾನು ಹೇಳಲಿಲ್ಲ. ನಾಲ್ಕನೆಯ ದಿನ ಗಂಡ ವಡೋದರಾಕ್ಕೆ ಹೊರಟುಹೋದರು.

ಲಾಭ ಪಂಚಮಿಯ ಬೆಳಿಗ್ಗೆ ಅಂಗಡಿಗೆ ಹೋದೆವು. ಅಂಗಡಿಯವರು ವಜ್ರ ನೋಡುವ ಪುಟ್ಟ ಭೂತಗನ್ನಡಿಯನ್ನು ಕಣ್ಣಿಗಿಟ್ಟುಕೊಂಡು ಬೋರ್ಡಿನ ಮೇಲೆ ಬಗ್ಗಿದರು. ಪಿನ್ನುಗಳು ಬಾಗಿವೆ, ಒಂದು ಮುರಿದೇ ಹೋಗಿದೆ, ಇದನ್ನು ಕಂಪನಿ ಬದಲಿಸಿ ಕೊಡುವುದಿಲ್ಲ ಎಂದರು. ಯಾರು ಫಿಟ್ ಮಾಡಿದ್ದು ಎಂದು ಕೇಳಿದರು. ನಾನೇ ಎಂದಳು ಮಗಳು. ಅವತ್ತೇ ನನ್ನ ಕೈಗೆ ಬಿಡಬೇಕಿತ್ತು ಮಗಳೇ ಎಂದರು ಅವರು. ಅವಳು ಅದಕ್ಕೂ ತಲೆಯಾಡಿಸಿ, ಬೇರೆ ಬೋರ್ಡ್ ಕೊಡಿ, ಈ ಸಲ ನೀವೇ ಜೋಡಿಸಿಬಿಡಿ ಎಂದಳು. ಮೊದಲಿನ ಮಾದರಿ ಮುಗಿದಿತ್ತು. ಅವರು ಬೇರೆ ಮೂರು ಡಬ್ಬಿ ತಂದು ಮುಂದಿಟ್ಟರು.

"ಮಮ್ಮಿ, ನೀನೇ ಆರಿಸು," ಎಂದಳು. "ನನಗ ಯಾವುದಾದ್ರೂ ನಡೀತದ."

ಮೂರು ಡಬ್ಬಿಗಳನ್ನು ನೋಡಿದೆ. ಒಂದು ಅಕ್ಷರ, ಮೂರು ಅಂಕಿ, ಹಿಂದೊಂದು ಬಾಲ. ಯಾವುದು ಕೂಡುತ್ತದೆ, ಯಾವುದಕ್ಕೆ ಹೊಸ ಪ್ರೊಸೆಸರಿನ ಗುರುತು ಸಿಗುತ್ತದೆ, ನನಗೆ ಗೊತ್ತಿರಲಿಲ್ಲ. ಮೂರು ವಾರ ನನ್ನ ಪಕ್ಕದಲ್ಲಿ ಕೂತು ಪಾಠದ ಹಾಗೆ ಹೇಳಿದ್ದಳು. ನಾನು ಅವಳ ದನಿ ಕೇಳುತ್ತ ಕೂತಿದ್ದೆನೇ ಹೊರತು ಮಾತು ಕೇಳಿರಲಿಲ್ಲ. ಅಂಗಡಿಯವರು ಕಾಯುತ್ತಿದ್ದರು. ಅವಳು ರಸ್ತೆಯ ಕಡೆ ನೋಡುತ್ತಿದ್ದಳು. ನನಗೆ ಅಳು ಬಂತು.

"ನೀ ಕೆಡಿಸಿಲ್ಲವ್ವಾ," ಎಂದೆ. "ಪೂಜಾದಾಗ ನಾನೇ ಡಬ್ಬಿ ತೆಗೆದಿದ್ದೆ. ಅಕ್ಷತಿ ಹಾಕಿದೆ, ಅದರಾಗ ಬಿತ್ತು. ಹತ್ತಿಲೆ ತೆಗಿಯಾಕ ಹೋದೆ."

ಅಂಗಡಿಯವರು ಬೆನ್ ಏನು ಹೇಳುತ್ತಿದ್ದಾರೆ ಎಂದು ಕೇಳಿದರು. ಅವಳೇ ಒಂದೊಂದನ್ನೂ ಬಿಡದೆ ಗುಜರಾತಿಯಲ್ಲಿ ಹೇಳಿದಳು. ಅವರು ನಗಲಿಲ್ಲ, ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡು ಬೇರೆ ಗಿರಾಕಿಯ ಕಡೆ ಹೋದರು.

"ಇಷ್ಟು ದಿವಸ ಯಾಕ ಸುಮ್ಮನಿದ್ದಿ?" ಎಂದು ಕೇಳಿದಳು.

ಹೆದರಿಕೆಯಾಯಿತು ಎಂದೆ. ಯಾರ ಹೆದರಿಕೆ ಎಂದು ಕೇಳಿದಳು. ನಿನ್ನದೇ ಎಂದೆ. ಅದು ನಿಜವಾಗಿತ್ತು, ಆದರೆ ಹೇಳಿದ ಮೇಲೆ ಇನ್ನೂ ಕೆಟ್ಟದ್ದಾಗಿ ಕೇಳಿಸಿತು.

ಅವಳು ಕುರ್ಚಿ ಎಳೆದುಕೊಂಡು ಕೂತು ಮೂರೂ ಡಬ್ಬಿಗಳನ್ನು ಒಂದೊಂದಾಗಿ ತಿರುಗಿಸಿ ಸಣ್ಣಕ್ಷರ ಓದತೊಡಗಿದಳು. ನಡುನಡುವೆ ಫೋನಿನಲ್ಲಿ ಹುಡುಕಿದಳು, ಅಂಗಡಿಯವರನ್ನು ಕರೆದು ಒಳಗಿನ ಪ್ರೋಗ್ರಾಮು ಯಾವ ಕಾಲದ್ದು ಎಂದು ವಿಚಾರಿಸಿದಳು. ಒಂದು ಗಂಟೆಯೇ ಆಗಿರಬೇಕು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ನಾನಾಗಿಯೇ ಒಮ್ಮೆ ಹತ್ತಿರ ಹೋಗಿ ಫೋನು ಇಣುಕಿದಾಗ, ಅದನ್ನು ಎದೆಗೆ ಒತ್ತಿಕೊಂಡು ನಾನು ದೂರ ಸರಿಯುವವರೆಗೆ ಕಾದಳು. ಕೊನೆಗೆ ಒಂದನ್ನು ಆರಿಸಿದಳು. ಅಂಗಡಿಯವರು ಜೋಡಿಸಿ ಕೊಡಲೇ ಎಂದು ಕೇಳಿದಾಗ ಬೇಡ, ನಾನೇ ಮಾಡುತ್ತೇನೆ ಎಂದಳು. ಈ ಸಲ ನಾನು ಬಾಯಿ ಹಾಕಲಿಲ್ಲ.

ಮನೆಗೆ ಬಂದು ಎಲ್ಲವನ್ನೂ ತನ್ನ ಕೋಣೆಗೆ ಸಾಗಿಸಿ ಬಾಗಿಲು ಹಾಕಿಕೊಂಡಳು. ನಾನು ಹೊರಗೆ ಊಟದ ಮೇಜಿನ ಹತ್ತಿರ ಕೂತೆ. ಒಳಗಿನಿಂದ ಸ್ಕ್ರೂ ತಿರುಗಿಸುವ ಸದ್ದು, ಆಮೇಲೆ ಏನೂ ಇಲ್ಲ, ಆಮೇಲೆ ಫ್ಯಾನಿನ ಸದ್ದು. ದೇವರನ್ನು ನೆನೆಯಲೂ ನನಗೆ ಧೈರ್ಯವಾಗಲಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು, ಫೋನಿನಲ್ಲಿ ಅಪ್ಪನ ಜೊತೆ ಮಾತಾಡುತ್ತಲೇ ಹೊರಗೆ ಬಂದಳು. ಮೊದಲ ಸಲಕ್ಕೇ ಚಾಲೂ ಆಯಿತು ಎಂದು ಮೂರು ಭಾಷೆ ಬೆರೆಸಿ ಹೇಳುತ್ತಿದ್ದಳು. ಮುಖದ ತುಂಬ ನಗು. ಹಾಗಾದರೆ ಮೊದಲನೆಯದಕ್ಕೆ ಏನಾಗಿತ್ತು ಎಂದು ಅವರು ಕೇಳಿರಬೇಕು. ಅವಳು ಒಂದು ಕ್ಷಣ ನಿಂತಳು. ನಾನು ಕೂತಲ್ಲಿಂದ ಎದ್ದೆ, ಫೋನು ಕೊಡು, ನಾನೇ ಹೇಳುತ್ತೇನೆ ಎಂದು ಕೈ ಚಾಚಿದೆ.

"ಆ ಬೋರ್ಡೇ ಖರಾಬ್ ಇತ್ತು ಪಪ್ಪಾ," ಎಂದಳು.

ನನ್ನ ಹೆಸರು ತೆಗೆಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಫೋನು ನನ್ನ ಕೈಗೆ ಕೊಡದೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.